ಕೆಂಪು ಚುಕ್ಕೆಯ ಗುಂಡಿ

"ಅಮ್ಮಾ, ನೆರಿ ಅಜ್ಜಿ ಯಾಕೆ ಎಲ್ಲಾ ಮಾತನ್ನೂ ಎರಡೆರಡು ಸಲ ಕೇಳಿಸ್ಕೋತಾರೆ?"

ಮೇಬಲ್ ಈ ಪ್ರಶ್ನೆ ಕೇಳಿದ್ದು ಸ್ನಾನದ ತೊಟ್ಟಿಯಲ್ಲಿ, ತಲೆ ತುಂಬ ನೊರೆ ಹೊತ್ತುಕೊಂಡು. ಕಣ್ಣಿಗೆ ಸೋಪು ಇಳಿಯದ ಹಾಗೆ ಮಗಳ ಹಣೆಗೆ ಅಂಗೈ ಅಡ್ಡ ಹಿಡಿದಿದ್ದ ಟೆಗನ್‌ಗೆ ಅದು ಅರ್ಧ ಕೇಳಿಸಿತು, ಇನ್ನರ್ಧ ನೀರಿನ ಜೊತೆ ಹರಿದುಹೋಯಿತು.

"ಎರಡು ಸಲ ಅಂದ್ರೆ?"

"ನಾನು ಅಜ್ಜಿ ತೊಡೆ ಮೇಲೆ ಕೂತಿದ್ನಲ್ಲ, ಅವರ ಹೆಡ್‌ಫೋನಿಗೆ ನನ್ನ ಕಿವೀನೂ ಇಟ್ಟಿದ್ದೆ. ದೋಣಿ ಮಾಮ ಮಾತಾಡಿದ. ಅಜ್ಜಿ ಕೆಂಪು ಚುಕ್ಕೆ ಒತ್ತಿದ್ರು. ದೋಣಿ ಮಾಮ ಅದನ್ನೇ ಮತ್ತೆ ಹೇಳಿದ. ಅದನ್ನೇ ಅಮ್ಮಾ, ಸೀನಿದ್ದೂ ಸೇರಿ!"

"ವಯಸ್ಸಾದೋರು ಹಾಗೇ. ಕಣ್ಣು ಮುಚ್ಚು," ಎಂದು ಟೆಗನ್ ತಲೆಗೆ ನೀರು ಹೊಯ್ದಳು.

ಮಗಳಿಗೆ ಉತ್ತರ ಸಿಕ್ಕಿತು, ಅವಳು ಪ್ಲಾಸ್ಟಿಕ್ ಬಾತುಕೋಳಿಗೆ ಸ್ನಾನ ಮಾಡಿಸಲು ಹೊರಟಳು. ಒದ್ದೆ ಟವೆಲು ಹಿಂಡುತ್ತಿದ್ದ ತಾಯಿಯ ಕೈ ಮಾತ್ರ ಅಲ್ಲೇ ನಿಂತಿತು. ಅವಳಿಗೆ ಪೆನ್ನು ನೆನಪಾಗಿತ್ತು.

ಟ್ಯಾಲೋ ಪಾಯಿಂಟ್ ಎಂಬ ಆ ಕಡಲ ತೀರದ ಊರಿನಲ್ಲಿ ನೆರಿಡಾ ಪಾಸ್ಕೋ ಅವರ ಪೆನ್ನೆಂದರೆ ಗಾದೆಮಾತು. ಗುಡ್ಡದ ಮೇಲಿನ ರೇಡಿಯೋ ಮನೆಯಲ್ಲಿ, ಕಡಲಿಗಿಳಿಯುವ ದೋಣಿಗಳ ಲೆಕ್ಕ ಇಡುತ್ತಾ ಆಕೆ ಕೂತಿರುವಾಗ ಯಾವ ದೋಣಿ ಕೂಗಿದರೂ ಮೊದಲ ಉತ್ತರ ಒಂದೇ: "ಇರಪ್ಪ, ಪೆನ್ನು ಸಿಗ್ತಿಲ್ಲ." ಒಂದು ಗುಟುಕು ಚಹಾ ಕುಡಿಯುವಷ್ಟು ಹೊತ್ತು ಬಿಟ್ಟು "ಹ್ಞಾ, ಸಿಕ್ತು" ಎಂದು, ದೋಣಿಯ ಹೆಸರು, ಒಳಗಿರುವ ಜನ, ಹೋಗುವ ಜಾಗ, ಮರಳುವ ಹೊತ್ತು, ಎಲ್ಲವನ್ನೂ ಒಂದಕ್ಷರ ತಪ್ಪದೆ ತಿರುಗಿ ಒಪ್ಪಿಸುವರು. ಕ್ರಿಸ್‌ಮಸ್ ಬಂದರೆ ಮೀನುಗಾರರು ಆಕೆಗೆ ಪೆನ್ನನ್ನೇ ತಂದುಕೊಡುತ್ತಿದ್ದರು. ದೀಪ ಹತ್ತುವುದು, ತುದಿಗೆ ರಬ್ಬರು ಸಿಗಡಿ ನೇತಾಡುವುದು, ಕುತ್ತಿಗೆಗೆ ಕಟ್ಟಿಕೊಳ್ಳುವ ದಾರವಿರುವುದು. ರೇಡಿಯೋ ಪಕ್ಕದ ಜಾಮಿನ ಜಾಡಿಯಲ್ಲಿ ಬೆರಳು ತೂರದಷ್ಟು ಪೆನ್ನು. ಆದರೂ "ಇರಪ್ಪ, ಪೆನ್ನು ಸಿಗ್ತಿಲ್ಲ."

ಪೆನ್ನು ಆಕೆಯ ಕೈಯಲ್ಲೇ ಇರುತ್ತದೆ ಎಂಬುದು ಟೆಗನ್‌ಗೆ ಈಗ ಹೊಳೆಯಿತು. ಎರಡು ಚಳಿಗಾಲ ಆಕೆಯ ಪಕ್ಕದಲ್ಲಿ ಕೂತು ಕೆಲಸ ಕಲಿತವಳು ತಾನು. ಒಮ್ಮೆಯಾದರೂ ಆ ಕೈ ಖಾಲಿ ಇದ್ದದ್ದು ನೋಡಿಲ್ಲ.

ನೆರಿಡಾ ಈ ಕುರ್ಚಿಗೆ ಬಂದದ್ದು ತಡವಾಗಿ. ಹರೆಯದಲ್ಲಿ ಅಣ್ಣನ ದೋಣಿಯಲ್ಲಿ ಕ್ರೇ ಸಿಗಡಿ ಹಿಡಿಯಲು ಕಡಲ ತಳಕ್ಕೆ ಇಳಿಸಿದ ಬುಟ್ಟಿ ಎತ್ತುತ್ತಿದ್ದರು. ಹೆಂಗಸು ದೋಣಿ ಹತ್ತಿದರೆ ಮೀನು ಓಡುತ್ತದೆ ಎಂದವರಿಗೆ, "ಓಡಿದ್ದು ನಿನ್ನ ಹೆಂಡತಿ, ಮೀನಲ್ಲ," ಎಂದಿದ್ದರಂತೆ. ಹಳೆಯ ಡೀಸೆಲ್ ಇಂಜಿನ್ನು ಆಕೆಯ ಕಾಲ ಬುಡದಲ್ಲೇ ಹಗಲೆಲ್ಲ ಗುಡುಗುತ್ತಿತ್ತು. ಅಣ್ಣ ದೋಣಿ ಮಾರಿದ ಮೇಲೆ ಶಾಲೆಯ ಬಸ್ಸು ಓಡಿಸಿದರು. ಟೆಗನ್ ಓದಿದ್ದು ಆ ಬಸ್ಸಿನಲ್ಲಿ ಹೋಗಿ ಬಂದೇ. ದಕ್ಷಿಣದ ದಾರಿಯಲ್ಲಿ ಅಲೆಗಳು ಬಂಡೆಯ ಬಿರುಕಿಗೆ ನುಗ್ಗಿ ಗುಮ್ಮೆಂದು ಸಿಡಿಯುವ ಜಾಗವೊಂದಿದೆ; ಅಜ್ಜನ ಕೆಮ್ಮು ಎಂದು ಅದರ ಹೆಸರು. ದೊಡ್ಡದೊಂದು ಕೆಮ್ಮು, ಬೆನ್ನಿಗೇ ಸಣ್ಣವೆರಡು. ಬಸ್ಸು ಆ ತಿರುವಿನಲ್ಲಿ ನಿಂತಾಗ ಮಕ್ಕಳೆಲ್ಲ ಅಜ್ಜನ ಜೊತೆ ಕೆಮ್ಮಬೇಕು, ಕೆಮ್ಮದಿದ್ದರೆ ನೆರಿಡಾ ಬಸ್ಸು ಬಿಡುತ್ತಿರಲಿಲ್ಲ. ಕೊನೆಯ ಮಗು ಇಳಿದ ಮೇಲೂ ಆಕೆ ಎದ್ದು, ಹಿಂದಿನ ಸೀಟಿನವರೆಗೆ ನಡೆದು, ಬಗ್ಗಿ ನೋಡಿ ಬರುವರು. ಒಮ್ಮೆ ಹಾಗೆ ಬಗ್ಗಿದಾಗಲೇ ಸೀಟಿನಡಿ ನಿದ್ದೆ ಹೋಗಿದ್ದ ಪುಟ್ಟ ಟೆಗನ್ ಸಿಕ್ಕಿದ್ದು.

ಬಸ್ಸಿನ ಕೆಲಸ ಬಿಟ್ಟ ಮೇಲೆ ಕಡಲ ರಕ್ಷಣೆಯ ಸ್ವಯಂಸೇವಕರ ಜೊತೆ ಸೇರಿದರು. ಅಲ್ಲಿಯೂ ಅದೇ ಚಾಳಿ. ಕಡಲಿಗೆ ಹೋದ ದೋಣಿಯೆಲ್ಲ ದಡ ಸೇರಿ ಒಳಗೆ ಬಂದೆ ಎಂದು ಕೂಗುವವರೆಗೆ ಆಕೆ ಕುರ್ಚಿ ಬಿಡುತ್ತಿರಲಿಲ್ಲ. ಯಾರೋ ಮರೆತು ನೇರ ಪಬ್ಬಿಗೆ ಹೋದರೆ ಪಬ್ಬಿಗೇ ಫೋನು ಹೋಗುತ್ತಿತ್ತು. "ಅವನ ಬಿಯರು ಕಿತ್ಕೋ, ಫೋನು ಕೊಡು."

ಅಂಥವರ ಕಿವಿ ಮಂದವಾಗಿದೆಯೇ?

ಭಾನುವಾರ ಮಧ್ಯಾಹ್ನ ಮೇಬಲ್‌ಳನ್ನು ಅವಳಪ್ಪನಿಗೆ ಒಪ್ಪಿಸಿ ಟೆಗನ್ ಗುಡ್ಡ ಹತ್ತಿದಾಗ, ದಳದ ಮುಖ್ಯಸ್ಥ ಕ್ಲೈವ್ ರೇಡಿಯೋ ಮನೆಯ ಹೊರಗೆ ಸಾಸೇಜು ಸುಡುತ್ತಿದ್ದ. ಅವನು ಟೆಗನ್‌ಳ ಅಪ್ಪನ ತಮ್ಮ.

"ಒಳಗೆ ಹೋಗಿ ನಿನ್ನ ಗುರುವನ್ನ ನೋಡು," ಅಂದ. "ಬೆಳಿಗ್ಗೆಯಿಂದ ಕಂಪ್ಯೂಟರಿನ ಜೊತೆ ಜಗಳ. ಶುಕ್ರವಾರ ನಗರದ ಕಚೇರಿಯೋರು ಆಪರೇಟಿಂಗ್ ಸಿಸ್ಟಮ್ ಅಪ್‌ಗ್ರೇಡ್ ಮಾಡಿಬಿಟ್ರು."

"ಏನಂತೆ ತೊಂದರೆ?"

"ಹೇಳಿದ್ರೆ ತಾನೆ? ಒಬ್ಬ ಹುಡುಗಿ ಹತ್ರ ದೋಣಿ ಹೆಸರು ಮೂರು ಸಲ ಹೇಳಿಸಿದ್ಲು. ಮೂರು ಸಲ, ಟೆಗನ್! ಕೇಳ್ತಾ ಇದ್ದ ನನಗೇ ನಾಚಿಕೆ ಆಯ್ತು." ಸಾಸೇಜನ್ನು ಬೇಕಾದ್ದಕ್ಕಿಂತ ಜೋರಾಗಿ ಮಗುಚಿದ. "ಬೇಸಿಗೆ ಪ್ರವಾಸಿಗರು ಬರೋ ಮೊದಲು ರೇಡಿಯೋಲಿ ಕೂರೋರಿಗೆಲ್ಲ ಕಿವಿ ಪರೀಕ್ಷೆ ಮಾಡಿಸ್ಬೇಕಂತೆ. ಅವಳು ಪಾಸಾಗದಿದ್ರೆ ಚಂದಾ ಎತ್ತೋಕೆ ಸ್ಕೋನ್ ಬನ್ನು ಮಾರೋ ಮೇಜಿಗೆ ಹಾಕ್ತೀನಿ. ನೀನೇ ಮೆಲ್ಲಗೆ ಅವಳ ಕಿವಿಗೆ ಹಾಕು."

"ಯಾವ ಕಿವಿಗೆ ಚಿಕ್ಕಪ್ಪ?" ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಟೆಗನ್ ನುಂಗಿಕೊಂಡಳು.

ಒಳಗೆ ನೆರಿಡಾ ಕೀಬೋರ್ಡಿನ ಮೇಲೆ ಬಗ್ಗಿದ್ದರು. ಎಡಗೈಯ ಎರಡು ಬೆರಳು ಕೆಳಗಿನ ಗುಂಡಿಗಳ ಮೇಲೆ, ಬಲಗೈಯ ತೋರುಬೆರಳು ಮೇಲಿನ ಸಾಲಿನ ಒಂದು ಗುಂಡಿಯ ಮೇಲೆ. ಆ ಗುಂಡಿಗೆ ಉಗುರಿಗೆ ಹಚ್ಚುವ ಬಣ್ಣದ ಒಂದು ಕೆಂಪು ಚುಕ್ಕೆ. ಅದು ಮೇಬಲ್‌ಳ ಕಿತಾಪತಿ ಎಂದೇ ಟೆಗನ್ ಇಷ್ಟು ದಿನ ತಿಳಿದಿದ್ದಳು. ಒತ್ತಿದಾಗ ಪರದೆಯ ನಡುವೆ ನೀಲಿ ಕಿಟಕಿಯೊಂದು ನಗುತ್ತಾ ತೆರೆದುಕೊಂಡಿತು: ನಮಸ್ಕಾರ! ನಾನು ನಿಮ್ಮ ಹೊಸ ಸಹಾಯಕ. ಏನು ಸಹಾಯ ಮಾಡಲಿ?

"ತೊಲಗು, ಅದೇ ದೊಡ್ಡ ಸಹಾಯ," ಎಂದರು ನೆರಿಡಾ. ಟೆಗನ್ ಬಂದದ್ದು ನೋಡಿ ಕೈ ಹಿಂದಕ್ಕೆಳೆದುಕೊಂಡರು. "ಚಹಾ ಇದೆ. ಬಿಸ್ಕೆಟ್ ಮುಗಿದಿದೆ."

ಟೆಗನ್ ಪಕ್ಕದಲ್ಲಿ ಕೂತು ಇನ್ನೊಂದು ಹೆಡ್‌ಫೋನು ಹಾಕಿಕೊಂಡಳು. ಅಷ್ಟರಲ್ಲಿ ಹೆಡ್‌ಫೋನಿನಲ್ಲಿ ಹೆಂಗಸಿನ ತೆಳು ದನಿ. ನೆರಿಡಾ ಬೆನ್ನು ನೆಟ್ಟಗೆ ಮಾಡಿದರು. "ಇರಮ್ಮ, ಪೆನ್ನು ಸಿಗ್ತಿಲ್ಲ." ಬೆರಳು ಚುಕ್ಕೆಗೆ ಹೋಯಿತು. ನೀಲಿ ಕಿಟಕಿ ಮತ್ತೆ ನಕ್ಕಿತು. ಆಕೆಯ ಕತ್ತಿನ ಮೇಲೆ ಕೆಂಪು ಏರುವುದನ್ನು ಟೆಗನ್ ನೋಡಿದಳು. ಅವಳ ಹೆಡ್‌ಫೋನಿನಲ್ಲೂ ಆ ದನಿ ಸ್ಪಷ್ಟವಾಗಿ ಬಂದಿತ್ತು. ಜಾಡಿಯಿಂದ ಸಿಗಡಿ ನೇತಾಡುವ ಪೆನ್ನು ಎಳೆದು, ಚೀಟಿಯ ಮೇಲೆ ಗೀಚಿ, ಮೇಜಿನ ಮೇಲೆ ಸರಿಸಿದಳು: ಸ್ಯಾಂಡ್‌ಪೈಪರ್, ಇಬ್ಬರು, ಒಳಗೆ ಬಂದಾಯಿತು.

ನೆರಿಡಾ ಚೀಟಿ ನೋಡಿದರು. ಮೈಕಿನ ಗುಂಡಿ ಒತ್ತಿ, ಎಂದಿನ ಗತ್ತಿನಲ್ಲೇ ಓದಿದರು. "ಸ್ಯಾಂಡ್‌ಪೈಪರ್, ಇಬ್ಬರು, ಒಳಗೆ. ಒಳ್ಳೇದಾಗ್ಲಿ ಮಗಳೇ." ಮೈಕು ಕೆಳಗಿಟ್ಟರು. ಟೆಗನ್ ಕಡೆ ತಿರುಗಲಿಲ್ಲ.

"ಯಾರು ಹೇಳಿದ್ರು ನಿನಗೆ?"

"ಮೇಬಲ್."

"ಆ ಕುಳ್ಳಿ ಬೇಹುಗಾರ್ತಿ. ತೊಡೆ ಮೇಲೆ ಕೂರಿಸ್ಕೊಂಡು ಬಿಸ್ಕೆಟ್ ಕೊಟ್ಟಿದ್ದಕ್ಕೆ ಇದು." ಚೀಟಿ ಮಡಚಿ ಜೇಬಿಗಿಳಿಸಿ, "ಕ್ಲೈವ್‌ಗೆ?"

"ನನಗೂ ಅವಳಿಗೂ ಮಾತ್ರ ಗೊತ್ತು."

ನೆರಿಡಾ ಬಾಗಿಲ ಕಡೆ ಕಣ್ಣಿಟ್ಟುಕೊಂಡೇ ತಗ್ಗಿದ ದನಿಯಲ್ಲಿ ಹೇಳಿದರು. ಬರುವ ಮಾತನ್ನೆಲ್ಲ ಯಂತ್ರ ತನ್ನಷ್ಟಕ್ಕೆ ಧ್ವನಿಮುದ್ರಿಸಿಕೊಳ್ಳುತ್ತದೆ. ಕಂಟ್ರೋಲ್ ಮತ್ತು ಆಲ್ಟ್ ಹಿಡಿದು ಚುಕ್ಕೆಯ ಗುಂಡಿ ಒತ್ತಿದರೆ ಕೊನೆಯ ಕರೆ ಮತ್ತೊಮ್ಮೆ ಬರುತ್ತಿತ್ತು. ಆಕೆಯ ಕಿವಿಗೆ ಮಾತ್ರ, ಸ್ವಲ್ಪ ಜೋರಾಗಿ. "ರೇಡಿಯೋಲಿ ಗಂಡಸರ ದನಿ ಮುಕ್ಕಾಲು ಸಿಗುತ್ತೆ. ಹೆಂಗಸರು, ಮಕ್ಕಳು ಮಾತಾಡಿದ್ರೆ ಗಾಳೀಲಿ ಬಟ್ಟೆ ಪಟಪಟ ಅಂದ ಹಾಗೆ. ಎರಡನೇ ಸಲ ಕೇಳಿದ್ರೆ ಎಲ್ಲಾ ಸಿಗುತ್ತೆ. ಗುರುವಾರ ಲೈಬ್ರರೀಲಿ ಕಂಪ್ಯೂಟರ್ ಕಲಿಸ್ತಿದ್ರಲ್ಲ? ಉಳಿದೋರೆಲ್ಲ ಮೊಮ್ಮಕ್ಕಳ ಫೋಟೋ ಕಳಿಸೋದು ಕಲಿತ್ರು. ನಾನು ಇದನ್ನ ಕಲಿತೆ." ದನಿ ಒಂದಿಷ್ಟು ಕುಸಿಯಿತು. "ಕಟ್ಟಿದ್ದೆಲ್ಲ ಶುಕ್ರವಾರ ಅಳಿಸಿಹೋಗಿದೆ. ಮೂರು ಸಲ ಹೊಸದಾಗಿ ಮಾಡೋಕೆ ಹೋದೆ, ಆಗ್ತಿಲ್ಲ. ಗೊತ್ತಾದ್ರೆ ಕ್ಲೈವ್ ಸ್ಕೋನ್ ಮೇಜಿಗೆ ಹಾಕ್ತಾನೆ. ಸ್ಕೋನ್! ನಾನು ಮಾಡಿದ ಸ್ಕೋನು ತಿಂದ್ರೆ ಕ್ಲೈವ್ ಹಲ್ಲು ಮುರಿಯುತ್ತೆ."

ಟೆಗನ್ ನಗಲಿಲ್ಲ. ಸರಿಮಾಡಿಕೊಟ್ಟರೆ ಸುಳ್ಳಿಗೆ ಕೈ ಜೋಡಿಸಿದ ಹಾಗೆ. ಮಾಡದಿದ್ದರೆ, ಈ ಗಳಿಗೆಯಲ್ಲಿ ನೀರಿನ ಮೇಲಿರುವವರ ಮಾತು ಅರ್ಧ ಕೇಳುವ ಕಿವಿಗೆ ಬೀಳುತ್ತದೆ. ಕಿಟಕಿಯಾಚೆ ದಕ್ಷಿಣದ ಆಕಾಶ ಸೀಸದ ಬಣ್ಣಕ್ಕೆ ತಿರುಗುತ್ತಿತ್ತು. ಹೊರಗೆ ಇನ್ನೂ ಮೂರ್ನಾಲ್ಕು ದೋಣಿಗಳಿದ್ದವು. ಜಗಳ ಆಮೇಲೆ, ಅಂದುಕೊಂಡಳು, ಮೊದಲು ಗುಂಡಿ.

"ಸರೀರಿ. ನೀವು ರೇಡಿಯೋ ಕೇಳ್ತಿರಿ, ನಾನೂ ಕೇಳ್ತೀನಿ. ಮಧ್ಯೆ ಇದನ್ನ ನೋಡೋಣ."

ಕೀಬೋರ್ಡಿನ ಶಾರ್ಟ್‌ಕಟ್‌ಗಳ ಪಟ್ಟಿ ಎಲ್ಲಿದೆ ಎಂದು ಹುಡುಕುವುದೇ ಒಂದು ಕೆಲಸವಾಯಿತು. ಹೊಸ ವ್ಯವಸ್ಥೆ ಅದನ್ನು ಬೇರೆ ಮೂಲೆಗೆ ಸಾಗಿಸಿತ್ತು. ಸಿಕ್ಕಿದ ಮೇಲೆ ನೋಡಿದರೆ, ಸ್ವಂತದ್ದು ಎಂಬ ತಲೆಬರಹದ ಕೆಳಗೆ ಏನೂ ಇಲ್ಲ. ಟೆಗನ್ ಹೊಸ ಸಾಲು ಸೇರಿಸಿ ಮೂರೂ ಗುಂಡಿ ಒಟ್ಟಿಗೆ ಒತ್ತಿದಳು. ಈ ಗುಂಡಿಗಳು ಈಗಾಗಲೇ ಬಳಕೆಯಲ್ಲಿವೆ, ಎಂದಿತು ಪರದೆ.

"ಇಲ್ಲೇ ನಾನೂ ಸಿಕ್ಕಿಹಾಕ್ಕೊಂಡಿದ್ದು," ಎಂದರು ನೆರಿಡಾ.

"ಆ ಸಹಾಯಕ ನಿಮ್ಮ ಗುಂಡಿ ಮೇಲೆ ಬಂದು ಕೂತಿದ್ದಾನೆ. ಮೊದಲು ಅವನನ್ನ ಎಬ್ಬಿಸ್ಬೇಕು."

"ಕತ್ತು ಹಿಡಿದು ಎಬ್ಬಿಸು."

ಸಹಾಯಕನನ್ನು ಎಬ್ಬಿಸಿದ್ದಾಯಿತು. ಇನ್ನು, ಗುಂಡಿ ಒತ್ತಿದರೆ ಓಡಬೇಕಾದ ಪುಟ್ಟ ಪ್ರೋಗ್ರಾಮ್ ಎಲ್ಲಿ? ನೆರಿಡಾ ಅದಕ್ಕೆ 'ಮತ್ತೊಮ್ಮೆ' ಎಂದು ಹೆಸರಿಟ್ಟಿದ್ದರಂತೆ. ಇದ್ದ ಜಾಗದಲ್ಲಿ ಅದಿರಲಿಲ್ಲ. ಟೆಗನ್ ಒಂದೊಂದೇ ಫೋಲ್ಡರ್ ತೆರೆಯುತ್ತಾ ಹೋದಳು. ಹೊರಗೆ ಕ್ಲೈವ್ ಯಾರ ಜೊತೆಯೋ ನಗುತ್ತಿದ್ದ, ಯಾವ ಗಳಿಗೆಯಲ್ಲೂ ಒಳಗೆ ಬರಬಹುದಿತ್ತು. ಒಂದು ದೋಣಿ ಕೂಗಿತು, ಒಳಗೆ ಬಂತು. ಮತ್ತೊಂದು ಕೂಗಿತು. ಚೀಟಿ, ಓದು, ಒಳ್ಳೇದಾಗ್ಲಿ. ಕೊನೆಗೂ 'ಹಿಂದಿನ ವ್ಯವಸ್ಥೆಯಿಂದ ಉಳಿದದ್ದು' ಎಂಬ ಫೋಲ್ಡರಿನ ತಳದಲ್ಲಿ ಅದು ಸಿಕ್ಕಿತು.

ಅದನ್ನು ಗುಂಡಿಗೆ ಜೋಡಿಸುತ್ತಿರುವಾಗ ಮೇಜಿನ ಮೇಲಿನ ಫೋನು ಬಡಿದುಕೊಂಡಿತು. ಮೀನುಗಾರ ಮರ್ವ್‌ನ ಹೆಂಡತಿ ಶರ್ಲಿ ಟಿಲ್ಲಿ.

"ಮರ್ವ್ ಅಲ್ಲಿಗೇನಾದ್ರೂ ಬಂದಿದ್ದಾನಾ? ಒಲೇಲಿ ಕುರಿ ತೊಡೆ ಕರಕಲಾಗ್ತಿದೆ. ಭಾನುವಾರದ ಊಟ ಅವನು ತಪ್ಪಿಸಿದ್ದಿಲ್ಲ, ಅವರಮ್ಮ ಸತ್ತ ದಿನಾನೂ ಉಂಡ."

ಟೆಗನ್ ಬೆಳಗಿನ ದಾಖಲೆ ನೋಡಿದಳು. ಮರ್ವ್ ಟಿಲ್ಲಿ, ಒಬ್ಬನೇ, ದೋಣಿಯ ಹೆಸರು 'ಎರಡನೇ ಹೆಂಡತಿ'. ಆ ಹೆಸರು ಇಟ್ಟವಳು ಮೊದಲನೆಯವಳಾದ ಶರ್ಲಿಯೇ. ಹೋಗುವ ಜಾಗ ಉತ್ತರಕ್ಕೆ, ಅಕ್ಕತಂಗಿ ಬಂಡೆಗಳ ಹತ್ತಿರ. ಬರಬೇಕಾದ ಹೊತ್ತು ದಾಟಿ ಬಹಳವಾಗಿತ್ತು; ಗುಂಡಿಯ ಗದ್ದಲದಲ್ಲಿ ಇಬ್ಬರೂ ಗಮನಿಸಿರಲಿಲ್ಲ.

"ಎರಡನೇ ಹೆಂಡತಿ, ಎರಡನೇ ಹೆಂಡತಿ, ಇದು ಟ್ಯಾಲೋ ಪಾಯಿಂಟ್," ನೆರಿಡಾ ಆಗಲೇ ಕೂಗುತ್ತಿದ್ದರು. "ಮರ್ವ್, ಎಲ್ಲಿ ಸಾಯ್ತಿದ್ದೀಯಾ, ಬಾಯಿ ಬಿಡು."

ಬರೀ ಗರಗರ. ಮತ್ತೆ ಕೂಗಿದರು. ಗರಗರದ ನಡುವೆ ಒಂದು ದನಿ ತೇಲಿತು, ಮುಳುಗಿತು, ತೇಲಿತು.

"...ಇಂಜಿನ್ನು... ಹಗ್ಗ... ಲಂಗರು ಹಿಡೀತಿಲ್ಲ... ಬ್ಯಾಟರಿ..."

ಆಮೇಲೆ ಇಲ್ಲ. ನೆರಿಡಾ ಕೂಗಿದರು, ಟೆಗನ್ ಕೂಗಿದಳು. ಏನೂ ಇಲ್ಲ.

ಕ್ಲೈವ್ ಸಾಸೇಜಿನ ಇಕ್ಕಳ ಕೈಯಲ್ಲಿ ಹಿಡಿದೇ ಒಳಗೆ ನುಗ್ಗಿದ. "ಯಾರು?"

"ಮರ್ವ್. ಇಂಜಿನ್ ಕೆಟ್ಟಿದೆ, ಲಂಗರು ಜಾರ್ತಿದೆ," ಅಂದಳು ಟೆಗನ್.

"ಎಲ್ಲಿ?"

ಟೆಗನ್ ನೆರಿಡಾ ಕಡೆ ನೋಡಿದಳು.

"ಎಲ್ಲಿ ಅಂದ? ನೆರಿ, ನೀನು ಕೇಳಿಸ್ಕೊಂಡ್ಯಲ್ಲ?"

"ಜಾಗ ಹೇಳ್ಲಿಲ್ಲ," ಅಂದರು ನೆರಿಡಾ. ಟೆಗನ್ ಕಡೆ ಒಂದು ನೋಟ. ಹೇಳಲಿಲ್ಲವೋ, ತನಗೆ ಕೇಳಿಸಲಿಲ್ಲವೋ? ಟೆಗನ್ ಇಲ್ಲವೆಂದು ತಲೆಯಾಡಿಸಿದಳು, ಅವಳಿಗೂ ಕೇಳಿಸಿರಲಿಲ್ಲ.

ಕ್ಲೈವ್ ದಾಖಲೆಯತ್ತ ಬಗ್ಗಿದ. "ಅಕ್ಕತಂಗಿ ಬಂಡೆ. ದೋಣಿ ಉತ್ತರಕ್ಕೆ ಕಳಿಸ್ತೀನಿ."

"ಮರ್ವ್ ಉತ್ತರ ಅಂದ್ರೆ ಉತ್ತರ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಹುಡುಕ್ಬೇಕು," ಅಂದರು ನೆರಿಡಾ.

ಅದು ಆ ಊರಿನಲ್ಲಿ ಯಾರಿಗೂ ಗೊತ್ತಿಲ್ಲದ್ದೇನಲ್ಲ. ರೇಡಿಯೋದಲ್ಲಿ ಆಡಿದ ಮಾತು ಎಲ್ಲ ದೋಣಿಗೂ ಕೇಳುತ್ತದೆ. ತಾನು ಬುಟ್ಟಿ ಇಳಿಸುವ ಜಾಗವನ್ನು ಅಲ್ಲಿ ಹೇಳುವುದೆಂದರೆ ಬೀರುವಿನ ಕೀಲಿಯನ್ನು ಬೀದಿಗೆ ಎಸೆದ ಹಾಗೆ. ಹಾಗಾಗಿ ಹಳಬರೆಲ್ಲ ಸುಳ್ಳು ಹೇಳುತ್ತಾರೆ, ಸುಳ್ಳೆಂದು ಎಲ್ಲರೂ ಬಲ್ಲರು, ಹೊತ್ತಿಗೆ ಸರಿಯಾಗಿ ಮನೆಗೆ ಬರುವುದರಿಂದ ಯಾರೂ ಕೇಳುವುದಿಲ್ಲ. ಇವತ್ತು ಬಂದಿಲ್ಲ.

"ಹಾಗಾದ್ರೆ ಎಲ್ಲಿ?" ಕ್ಲೈವ್‌ನ ದನಿ ಒಡೆಯಿತು. "ನನ್ನ ಹತ್ರ ಇರೋದು ಒಂದು ದೋಣಿ, ಒಂದು ದಿಕ್ಕು. ಗಾಳಿ ನೋಡಿದ್ಯಾ? ತಪ್ಪು ಕಡೆ ಕಳಿಸಿದ್ರೆ ತಿರುಗಿ ಬರೋ ಹೊತ್ತಿಗೆ ಕತ್ತಲೆ. ಟೆಗನ್, ಧ್ವನಿಮುದ್ರಣ ತೆಗಿ, ಮತ್ತೆ ಕೇಳೋಣ."

ಟೆಗನ್ ಆಗಲೇ ಆ ಕಿಟಕಿ ತೆರೆದಿದ್ದಳು. "ಹೊಸ ಪಾಸ್‌ವರ್ಡ್ ಕೇಳ್ತಿದೆ ಚಿಕ್ಕಪ್ಪ. ಶುಕ್ರವಾರ ಬದಲಾಗಿದೆ."

"ಕಚೇರಿಗೆ ಮಾಡು!"

"ಭಾನುವಾರ. ಎತ್ತಲ್ಲ."

ಕ್ಲೈವ್ ಮೇಜಿಗೆ ಗುದ್ದಿದ. ಜಾಡಿಯ ಪೆನ್ನುಗಳು ಗಲಗಲ ಎಂದವು. ನೆರಿಡಾ ಅವುಗಳನ್ನೇ ನೋಡಿದರು, ಆಮೇಲೆ ಟೆಗನ್‌ಳನ್ನು. ಕಣ್ಣಿನಲ್ಲೇ ಕೇಳಿದರು: ಆಗಿದೆಯಾ?

ಆಗಿತ್ತು. ಕೊನೆಯ ಕರೆ ಕೇಳಲು ಆ ಗುಂಡಿಗೆ ಪಾಸ್‌ವರ್ಡೂ ಬೇಡ; ಒಮ್ಮೆಯೂ ಒತ್ತಿ ನೋಡಿರಲಿಲ್ಲ, ಅಷ್ಟೆ. ಟೆಗನ್ ಕಣ್ಣು ಮಿಟುಕಿಸಿದಳು.

ನೆರಿಡಾ ಹೆಡ್‌ಫೋನು ಕಿವಿಗೆ ಒತ್ತಿಕೊಂಡರು. ಕ್ಲೈವ್‌ಗೆ ಬೆನ್ನು ಅಡ್ಡ ಮಾಡಿ ಎಡಗೈ ಇಳಿಸಿದರು, ಬಲಗೈಯ ಬೆರಳು ಚಾಚಿದರು. ಯಾರಿಗೂ ತಿಳಿಯದ ಹಾಗೆ ಕೇಳಿಸಿಕೊಂಡು, ಏನಾದರೂ ಸಿಕ್ಕಿದರೆ ಈಗಷ್ಟೇ ನೆನಪಾದ ಹಾಗೆ ಹೇಳಿಬಿಡಬಹುದಿತ್ತು. ಎಷ್ಟೋ ಸಲ ಹಾಗೆಯೇ ಮಾಡಿದ್ದರಲ್ಲ.

ಬೆರಳು ಕೆಂಪು ಚುಕ್ಕೆಯನ್ನು ಒತ್ತಿತು.

ಗೋಡೆಯ ಮೇಲಿನ ದೊಡ್ಡ ಸ್ಪೀಕರು ಗರ್ಜಿಸಿತು. "...ಇಂಜಿನ್ನು... ಹಗ್ಗ... ಲಂಗರು..." ಮರ್ವ್‌ನ ದನಿ ಕೋಣೆ ತುಂಬಿತು, ಗಾಜು ನಡುಗಿತು, ಕ್ಲೈವ್‌ನ ಕೈಯಿಂದ ಇಕ್ಕಳ ಬಿತ್ತು. ಹೊಸ ವ್ಯವಸ್ಥೆ ಗುಂಡಿಯನ್ನು ಒಪ್ಪಿಕೊಂಡಿತ್ತು. ದನಿಯನ್ನು ಮಾತ್ರ ತನಗೆ ಬೇಕಾದ ಕಡೆ ಕಳಿಸಿತ್ತು.

ಸದ್ದು ನಿಂತಿತು. ಕ್ಲೈವ್ ನೆರಿಡಾ ಅವರ ಕೈ ನೋಡಿದ. ಗುಂಡಿ, ಚುಕ್ಕೆ, ಜಾಡಿ.

"ಇದೇನು?"

ಟೆಗನ್ ಬಾಯಿ ತೆರೆದಳು. ನಾನು ಒತ್ತಿದ್ದು, ಎಂದುಬಿಡಬಹುದಿತ್ತು. ನೆರಿಡಾ ಎಡಗೈ ಎತ್ತಿ ತಡೆದರು. ಹೆಡ್‌ಫೋನನ್ನು ತಲೆಯಿಂದ ತೆಗೆದು ಮೇಜಿನ ಮೇಲಿಟ್ಟರು. ಈ ಸಲ ಬೆನ್ನು ಅಡ್ಡ ಮಾಡಲಿಲ್ಲ. ಕ್ಲೈವ್‌ನ ಮುಖ ನೋಡುತ್ತಲೇ ಮತ್ತೆ ಒತ್ತಿದರು.

"...ಇಂಜಿನ್ನು... ಹಗ್ಗ..."

"ಏನೋ ಎಡಗಡೆ ಅಂದ ಅಲ್ವಾ?" ಕ್ಲೈವ್ ಸ್ಪೀಕರಿಗೆ ಕಿವಿ ಚಾಚಿದ.

"ಅವನ ಮಾತು ಬಿಡಿ," ಅಂದರು ನೆರಿಡಾ. "ನೀವಿಬ್ರೂ ಮಾತು ಹಿಡಿಯೋಕೆ ಹೋಗ್ತಿದ್ದೀರಿ. ನನಗೆ ಹೇಗಿದ್ರೂ ಮಾತು ಅರ್ಧಂಬರ್ಧ. ಅದರ ಹಿಂದೆ ಕೇಳಿ."

ಇನ್ನೊಮ್ಮೆ ಒತ್ತಿದರು. ಟೆಗನ್ ಕಣ್ಣು ಮುಚ್ಚಿದಳು. ಗರಗರ, ಮರ್ವ್, ಗರಗರ. ಅದರ ಹಿಂದೆ, ಗೋಡೆಯಾಚೆ ಯಾರೋ ಹಾಸಿಗೆ ಕೊಡವಿದ ಹಾಗೆ ಒಂದು ಗುಮ್. ಬೆನ್ನಿಗೇ ಸಣ್ಣದೊಂದು. ಇನ್ನೊಂದು.

ಅವಳ ಗಂಟಲು ತನ್ನಿಂದ ತಾನೇ ಕೆಮ್ಮಲು ಹೊರಟಿತು, ಬಸ್ಸಿನಲ್ಲಿ ಕೂತ ಹಾಗೆ.

"ಅಜ್ಜನ ಕೆಮ್ಮು," ಅಂದಳು.

"ದಕ್ಷಿಣದ ಬಂಡೆ ಬುಡದಲ್ಲಿದ್ದಾನೆ," ಅಂದರು ನೆರಿಡಾ. "ಇಷ್ಟು ಜೋರು ಕೇಳ್ತಿದೆ ಅಂದ್ರೆ ಬಿರುಕಿನ ಬಾಯಿಗೇ ಹೋಗಿದ್ದಾನೆ."

ಕ್ಲೈವ್ ಮರುಮಾತಾಡದೆ ಮೈಕು ಕಿತ್ತುಕೊಂಡು ದೋಣಿಕಟ್ಟೆಯಲ್ಲಿ ಕಾಯುತ್ತಿದ್ದ ರಕ್ಷಣಾ ದೋಣಿಯ ಇಬ್ಬರಿಗೆ ಹೇಳಿದ. ಉತ್ತರಕ್ಕಲ್ಲ, ದಕ್ಷಿಣಕ್ಕೆ. ಆಮೇಲೆ ಪೊಲೀಸರಿಗೆ ಫೋನು ಮಾಡಿದ. ಶರ್ಲಿಗೆ ಟೆಗನ್ ಮಾಡಿದಳು. ಒಲೆ ಆರಿಸಿ, ಅಂದಳು.

ಕಾಯುವುದೊಂದೇ ಉಳಿದಿತ್ತು. ಗಾಳಿ ಛಾವಣಿಯ ತಗಡನ್ನು ಎತ್ತಿ ಎತ್ತಿ ಹಾಕುತ್ತಿತ್ತು. ಹೊರಗೆ ಸಾಸೇಜು ಸುಟ್ಟ ವಾಸನೆ. ಕ್ಲೈವ್ ಕಿಟಕಿಗೆ ಹಣೆ ಹಚ್ಚಿ ನಿಂತಿದ್ದ. ನೆರಿಡಾ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ದಕ್ಷಿಣ ಅಲ್ಲದಿದ್ದರೆ? ಆ ಗುಮ್ ಎಂಬುದು ದೋಣಿಯ ತಳಕ್ಕೆ ನೀರು ಹೊಡೆದ ಸದ್ದಾಗಿದ್ದರೆ? ಮಂದ ಕಿವಿಯ ಮಾತು ನಂಬಿ ದೋಣಿ ಕಳಿಸಿದ್ದಾಗಿತ್ತು. ಇದನ್ನು ಮೂವರೂ ಯೋಚಿಸುತ್ತಿದ್ದಾರೆಂದು ಮೂವರಿಗೂ ಗೊತ್ತಿತ್ತು.

ರೇಡಿಯೋ ಗರಗರ ಎಂದಾಗ ನೆರಿಡಾ ಮೈಕು ಮುಟ್ಟಲಿಲ್ಲ. ಕ್ಲೈವ್ ಹಾರಿ ಎತ್ತಿಕೊಂಡ.

"ಸಿಕ್ಕಿದ. ಉಗುಳಿದ್ರೆ ಬಂಡೆಗೆ ತಾಗೋಷ್ಟು ಹತ್ರ ಇದ್ದ. ಅವನ ಬುಟ್ಟಿ ಹಗ್ಗ ಅವನ ಪ್ರೊಪೆಲ್ಲರಿಗೇ ಸುತ್ಕೊಂಡಿದೆ. ಎಳ್ಕೊಂಡು ಬರ್ತಿದ್ದೀವಿ. ಏನೋ ಹೇಳ್ಬೇಕಂತೆ, ಇರಿ."

ಮರ್ವ್‌ನ ದನಿ ಬಂತು, ಹಲ್ಲು ಕಟಕಟಿಸುತ್ತಾ. "ಕ್ಲೈವ್? ನಾನಿದ್ದ ಜಾಗ ಯಾರಿಗೂ ಹೇಳ್ಬೇಡಪ್ಪ."

ಊರಿನ ಎಲ್ಲ ದೋಣಿಯೂ ಎಲ್ಲ ಅಡುಗೆಮನೆಯೂ ಕೇಳುವ ಚಾನೆಲ್ಲಿನಲ್ಲಿ ಅವನು ಹಾಗೆಂದ. ಟೆಗನ್ ನಗಲು ಹೋಗಿ ಅತ್ತುಬಿಟ್ಟಳು. ಕ್ಲೈವ್ ನಗಲಿಲ್ಲ. ಮೈಕು ಇಟ್ಟು, ಕುರ್ಚಿ ಎಳೆದುಕೊಂಡು, ನೆರಿಡಾ ಅವರ ಎದುರು ಕೂತ.

"ಎಷ್ಟು ದಿನದಿಂದ?"

"ಜಾಡೀಲಿ ಎಷ್ಟು ಕ್ರಿಸ್‌ಮಸ್ಸಿನ ಪೆನ್ನಿದೆ, ಎಣಿಸ್ಕೋ."

"ತಮಾಷೆ ಬೇಡ ನೆರಿ. ನಾನೂ ತಂದುಕೊಟ್ಟಿದ್ದೀನಿ ಪೆನ್ನು. ಆ ದೀಪ ಹತ್ತೋದು ನಂದು."

"ಗೊತ್ತು."

"ಇವತ್ತು ಟೆಗನ್ ಇಲ್ಲದೆ ನೀನೊಬ್ಳೇ ಕೂತಿದ್ರೆ? ಗುಂಡಿ ಕೆಟ್ಟಿದ್ದು ನನಗೆ ಹೇಳಿದ್ಯಾ? ಬೆಳಿಗ್ಗೆಯಿಂದ ಹೇಳ್ಲಿಲ್ಲ. ಸ್ಕೋನ್ ಮಾರೋಕೆ ಹೆದರಿ ಸುಮ್ನಿದ್ದೆ."

ನೆರಿಡಾ ತಲೆ ಬಗ್ಗಿಸಿದರು.

ಕ್ಲೈವ್ ಎದ್ದ. "ಪರೀಕ್ಷೆಗೆ ಹೋಗು. ಕಿವಿ ಮಿಷನ್ನು ಹಾಕ್ಕೋ ಅಂದ್ರೆ ಹಾಕ್ಕೋ. ಅಲ್ಲೀತನಕ ಒಬ್ಳೇ ಕೂರೋ ಹಾಗಿಲ್ಲ. ಆ ಗುಂಡಿ..." ಗೋಡೆಯ ಸ್ಪೀಕರು ನೋಡಿದ. "ಆ ಗುಂಡಿ ಇರ್ಲಿ. ಆದ್ರೆ ಎಲ್ರಿಗೂ ಕೇಳೋ ಹಾಗೆ ಇರ್ಲಿ. ಟೆಗನ್, ಅದನ್ನ ಮತ್ತೆ ಕಿವಿಯೊಳಗೆ ತೂರಿಸ್ಬೇಡ." ಬಾಗಿಲಲ್ಲಿ ನಿಂತು, ತಿರುಗದೆಯೇ ಅಂದ, "ಸಾಸೇಜೆಲ್ಲ ಇದ್ದಿಲಾಗಿದೆ."

ಬಾಗಿಲು ಮುಚ್ಚಿಕೊಂಡಿತು. ಇನ್ನೊಂದು ದೋಣಿ ಹೊರಗಿತ್ತು, ಹಾಗಾಗಿ ಇಬ್ಬರೂ ಏಳಲಿಲ್ಲ. ಟೆಗನ್ ಚಹಾಕ್ಕೆ ನೀರಿಟ್ಟಳು. ಮರ್ವ್‌ನನ್ನು ಎಳೆದುಕೊಂಡು ರಕ್ಷಣಾ ದೋಣಿ ಕಟ್ಟೆ ಸೇರಿದ ಮೇಲೆ ಉಳಿದ ದೋಣಿಯೂ ಕೂಗಿತು, ಒಳಗೆ ಬಂದೆ ಎಂದು. ದನಿ ಒಬ್ಬ ಹುಡುಗಿಯದು. ನೆರಿಡಾ ಎಂದಿನ ಮಾತಿಗೆ ಬಾಯಿ ತೆರೆದವರು ಅರ್ಧಕ್ಕೇ ನಿಲ್ಲಿಸಿದರು.

"ಇರು ಮಗಳೇ," ಅಂದರು, "ಇನ್ನೊಂದ್ಸಲ ಕೇಳಿಸ್ಕೋತೀನಿ."

ಗುಂಡಿ ಒತ್ತಿದರು. ಹುಡುಗಿಯ ದನಿ ಗೋಡೆಯಿಂದ ಬಂತು. ಬರೆದುಕೊಂಡರು, ತಿರುಗಿ ಒಪ್ಪಿಸಿದರು. ಹೊರಗೆ ಯಾರೂ ಉಳಿಯಲಿಲ್ಲ. ಆದರೂ ಆಕೆ ಎದ್ದು ದಾಖಲೆಯ ಮೊದಲ ಸಾಲಿನಿಂದ ಕೊನೆಯವರೆಗೆ ಬೆರಳಾಡಿಸಿದರು, ಬಸ್ಸಿನ ಹಿಂದಿನ ಸೀಟಿಗೆ ನಡೆದು ಹೋದ ಹಾಗೆ. ಕೋಟು ಹಾಕಿಕೊಂಡರು. ಮತ್ತೆ ಕೂತರು.

"ಹುಡುಗಿ, ಇವತ್ತು ಗುಂಡಿ ಜೋಡಿಸಿದ್ಯಲ್ಲ. ಅದನ್ನ ಕೀಳೋದೂ ಗೊತ್ತಾ ನಿನಗೆ?"

"ಗೊತ್ತು. ಜೋಡಿಸೋದಕ್ಕಿಂತ ಸುಲಭ."

"ಹಾಗಾದ್ರೆ ಒಂದು ಉಪಕಾರ ಮಾಡು." ಆಕೆ ಕೆಂಪು ಚುಕ್ಕೆಯ ಮೇಲೆ ಹೆಬ್ಬೆರಳಾಡಿಸಿದರು. "ಇವತ್ತಿನ ಮಾತು ಬಿಡು, ಇವತ್ತು ಬೇಕಿತ್ತು. ಮುಂದೆ ಯಾವತ್ತಾದ್ರೂ, ಒಂದೇ ಕರೆಗೆ ನಾನು ಇದನ್ನ ಎರಡೆರಡು ಸಲ ಒತ್ತೋದು ನಿನ್ನ ಕಣ್ಣಿಗೆ ಬೀಳುತ್ತೆ. ಆವತ್ತು ಸಂಜೆ, ನಾನು ಮನೆಗೆ ಹೋದ ಮೇಲೆ, ನೀನೇ ಇದನ್ನ ಅಳಿಸಿಹಾಕು. ಕ್ಲೈವ್‌ಗೆ ಹೇಳ್ಬೇಡ. ನನಗೂ ಹೇಳ್ಬೇಡ. ಮಾರನೇ ದಿನ ಬಂದು ಒತ್ತಿದಾಗ ಏನೂ ಬರದೆ ಇದ್ರೆ, ನಾನೇ ಈ ಕುರ್ಚಿ ಬಿಟ್ಟು ಎದ್ದು ಹೋಗ್ತೀನಿ."